ಬಿಬಿಎ ಟ್ರೈಮೆಸ್ಟರ್ ಆಗುತ್ತಿದೆ: ಮಂಡ್ಯದಿಂದ ಓಡಾಡುವವರು ಏನೇನು ಕೇಳಿಕೊಳ್ಳಬೇಕು?

ಗುತ್ತಲು ರಸ್ತೆ
ಮಗಳು ಮೈಸೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಬಿಬಿಎ ಮೊದಲ ವರ್ಷ ಮುಗಿಸಿದ್ದಾಳೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಊಹಿಸಲೂ ಹೋಗಬೇಡಿ. ಮೊನ್ನೆ ಪೋಷಕರಿಗೆಲ್ಲ ಸುತ್ತೋಲೆ ಬಂದಿದೆ. ಎರಡನೇ ವರ್ಷದಿಂದ ಸೆಮಿಸ್ಟರ್ ಇಲ್ಲ, ವರ್ಷಕ್ಕೆ ಮೂರು ಟ್ರೈಮೆಸ್ಟರ್, ಪ್ರತಿಯೊಂದಕ್ಕೂ 12 ವಾರ ಪಾಠ, ಕೊನೆಗೆ ಪರೀಕ್ಷೆ. ಕಾರಣ ಕೇಳಿದರೆ ‘ಉದ್ಯಮದ ಅಗತ್ಯ’, ‘ಜಾಗತಿಕ ಗುಣಮಟ್ಟ’. ಶುಲ್ಕ ಮೂರು ಕಂತಿನಲ್ಲಿ ಕಟ್ಟಬಹುದು ಎಂಬ ಸಾಲನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಅವಳು ದಿನವೂ ಮಂಡ್ಯದಿಂದ ರೈಲಿನಲ್ಲಿ ಹೋಗಿ ಬರುತ್ತಾಳೆ. ಓದಿನ ಒತ್ತಡ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ನನಗೆ ತಿಳಿಯುತ್ತಿಲ್ಲ. ಮುಂದಿನ ವಾರ ಪೋಷಕರ ಸಭೆ ಇದೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಯಾವುವು? ಅನುಭವ ಇದ್ದವರು ಹೇಳಿ.

ಮದ್ದೂರು ವಡೆ
ಮೊದಲ ಪ್ರಶ್ನೆ: ಕಂತು ಮೂರಾಯಿತು ಸರಿ, ಮೊತ್ತ ಅಷ್ಟೇ ಇದೆಯೇ?

ಮೂರನೇ ಬೆಂಚು
ಸರ್, ಹೆದರಬೇಡಿ. ನಾನು ಬೆಂಗಳೂರಿನಲ್ಲಿ ಟ್ರೈಮೆಸ್ಟರ್ ಪದ್ಧತಿಯಲ್ಲೇ ಎಂಬಿಎ ಮಾಡಿದವನು. ಒಂದು ಸಲಕ್ಕೆ ಓದುವ ವಿಷಯಗಳು ಕಡಿಮೆ, ತಲೆ ಹಗುರ. ಸೆಮಿಸ್ಟರ್‌ನಲ್ಲಿ ಏನಾಗುತ್ತದೆ? ಮೊದಲ ಎರಡು ತಿಂಗಳು ಪುಸ್ತಕವನ್ನೇ ಮುಟ್ಟುವುದಿಲ್ಲ, ಕೊನೆಯ ಮೂರು ವಾರ ನಿದ್ದೆ ಬಿಟ್ಟು ಓದುತ್ತೇವೆ. ಟ್ರೈಮೆಸ್ಟರ್‌ನಲ್ಲಿ ಆ ಸೋಮಾರಿತನಕ್ಕೆ ಜಾಗವೇ ಇಲ್ಲ. ಐಐಎಂಗಳಲ್ಲಿ ಎರಡು ವರ್ಷಕ್ಕೆ ಆರು ಟರ್ಮ್ ಇರುವುದು ಸುಮ್ಮನೆ ಅಲ್ಲ.

ಕಾಸ್ಟಿಂಗ್ ಮೇಡಂ
ಐಐಎಂನಲ್ಲಿ ಓದುವವರು ಪದವಿ ಮುಗಿಸಿ, ಬಹುಪಾಲು ಕೆಲಸವನ್ನೂ ಮಾಡಿ ಬಂದವರು. ಕ್ಯಾಂಪಸ್ಸಿನಲ್ಲೇ ಉಳಿಯುವವರು. ಹದಿನೆಂಟರ ಹುಡುಗಿ ದಿನಕ್ಕೆ ಮೂರು ತಾಸು ರೈಲು ಹತ್ತಿ ಇಳಿಯುವುದಕ್ಕೂ ಅದಕ್ಕೂ ಎತ್ತಣ ಹೋಲಿಕೆ?

ಲೆಕ್ಕದ ಮೇಷ್ಟ್ರು
ಭಾವನೆ ಬದಿಗಿಟ್ಟು ಲೆಕ್ಕ ಹಾಕೋಣ. ವಿಷಯದ ತೂಕ ಅಳೆಯುವುದು ಕ್ರೆಡಿಟ್ ಎಂಬ ಅಂಕಿಯಲ್ಲಿ. ನಾಲ್ಕು ಕ್ರೆಡಿಟ್‌ನ ಒಂದು ವಿಷಯಕ್ಕೆ 60 ಗಂಟೆ ಪಾಠ. 15 ವಾರದ ಸೆಮಿಸ್ಟರ್‌ನಲ್ಲಿ ವಾರಕ್ಕೆ 4 ಗಂಟೆ, 12 ವಾರದ ಟ್ರೈಮೆಸ್ಟರ್‌ನಲ್ಲಿ ವಾರಕ್ಕೆ 5 ಗಂಟೆ. ಸೆಮಿಸ್ಟರ್‌ಗೆ 6 ವಿಷಯದಂತೆ ವರ್ಷಕ್ಕೆ 12, ಟ್ರೈಮೆಸ್ಟರ್‌ಗೆ 4ರಂತೆ ಆಗಲೂ 12. ವಾರದ ಒಟ್ಟು ಪಾಠ 24 ಗಂಟೆಯಿಂದ 20ಕ್ಕೆ ಇಳಿಯುತ್ತದೆ. ವರ್ಷಕ್ಕೆ ಎರಡೂ ಕಡೆ 720 ಗಂಟೆಯೇ. ಅಂದಮೇಲೆ ಹೊರೆ ಹೆಚ್ಚಾಯಿತು ಎಂಬ ಕೂಗಿಗೆ ಆಧಾರವಿಲ್ಲ.

ಮೂರನೇ ಬೆಂಚು
ಇದನ್ನೇ ನಾನೂ ಹೇಳಿದ್ದು.

ಕಾಸ್ಟಿಂಗ್ ಮೇಡಂ
ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ. ಅದರಲ್ಲಿ ರಜೆ ಎಲ್ಲಿದೆ? 36 ವಾರ ಪಾಠ, ಪ್ರತಿ ಟ್ರೈಮೆಸ್ಟರ್‌ಗೆ ಓದುವ ರಜೆ ಮತ್ತು ಪರೀಕ್ಷೆ ಸೇರಿ ಮೂರು ವಾರ ಎಂದರೂ ಒಟ್ಟು 45. ಉಳಿದದ್ದು ಏಳು ವಾರ. ಆ ಏಳರಲ್ಲಿ ದಸರಾ, ಸಂಕ್ರಾಂತಿ, ಯುಗಾದಿ, ಬೇಸಿಗೆ ಎಲ್ಲವೂ ಹಿಡಿಯಬೇಕು. ನಾವು ಉತ್ತರ ಪತ್ರಿಕೆ ತಿದ್ದುವುದೂ ಅದರಲ್ಲೇ.

ಇನ್ನು ಪಾಠದ ಮಾತು. ನಾನು ಕಲಿಸುವುದು ವೆಚ್ಚ ಲೆಕ್ಕಶಾಸ್ತ್ರ. ಪ್ರೋಸೆಸ್ ಕಾಸ್ಟಿಂಗ್‌ನಲ್ಲಿ ಸಾಮಾನ್ಯ ನಷ್ಟ (ಆಗಿಯೇ ಆಗುವುದೆಂದು ಮೊದಲೇ ಎಣಿಸಿದ್ದು), ಅಸಹಜ ನಷ್ಟ (ಅದಕ್ಕಿಂತ ಹೆಚ್ಚಾಗಿ ಆದದ್ದು) ಎಂದು ಎರಡು ಬರುತ್ತವೆ. ಸಾಮಾನ್ಯ ನಷ್ಟಕ್ಕೆ ಗುಜರಿ ಬೆಲೆ ಮಾತ್ರ, ಉಳಿದ ಖರ್ಚನ್ನು ಒಳ್ಳೆಯ ಮಾಲು ಹೊರಬೇಕು. ಅಸಹಜ ನಷ್ಟಕ್ಕೆ ಒಳ್ಳೆಯ ಮಾಲಿನ ದರವನ್ನೇ ಹಾಕಬೇಕು. ಹಲಗೆಯ ಮೇಲೆ ಮಾಡಿ ತೋರಿಸಿದಾಗ ಇಡೀ ತರಗತಿ ತಲೆಯಾಡಿಸುತ್ತದೆ. ಮರುದಿನ ಅಂಕಿ ಬದಲಿಸಿ ಕೊಟ್ಟರೆ ಅರ್ಧ ಜನ ಎರಡಕ್ಕೂ ಗುಜರಿ ಬೆಲೆ ಹಾಕಿರುತ್ತಾರೆ. ಮೂರನೆಯ ಲೆಕ್ಕವನ್ನು ಮನೆಯಲ್ಲಿ ಕೂತು, ತಪ್ಪಿ, ತಿದ್ದಿಕೊಂಡು ಬಂದ ಮೇಲೇ ಅದು ಒಳಗೆ ಇಳಿಯುವುದು. ಈ ತಪ್ಪಿ ತಿದ್ದಿಕೊಳ್ಳುವ ಸಮಯ ನಿಮ್ಮ 60 ಗಂಟೆಯ ಹೊರಗಿದೆ. ವಾರಕ್ಕೆ ನಾಲ್ಕು ಗಂಟೆ ಪಾಠ ಇದ್ದಾಗ ಎರಡು ತರಗತಿಗಳ ನಡುವೆ ಒಂದು ರಾತ್ರಿ ಹೆಚ್ಚು ಸಿಗುತ್ತಿತ್ತು. ದಿನವೂ ಪಾಠ ಎಂದಾಗ ಅದೇ ಹೋಗುತ್ತದೆ.

ಲೆಕ್ಕದ ಮೇಷ್ಟ್ರು
ವಿಷಯ ಆರರಿಂದ ನಾಲ್ಕಕ್ಕೆ ಇಳಿದಿದೆಯಲ್ಲ, ಉಳಿದ ಎರಡು ವಿಷಯದ ರಾತ್ರಿಗಳು ನಿಮಗೇ ಸಿಕ್ಕವು.

ಕಾಸ್ಟಿಂಗ್ ಮೇಡಂ
ಆ ರಾತ್ರಿಗಳನ್ನು ಉಳಿದ ಮೂರು ವಿಷಯದವರು ಅಸೈನ್‌ಮೆಂಟ್ ಕೊಟ್ಟು ತುಂಬಿಸಿರುತ್ತಾರೆ. ನಾನೂ ಕೊಟ್ಟಿರುತ್ತೇನೆ, ಅದು ಬೇರೆ ಮಾತು.

ಯಲಿಯೂರು ಪ್ಯಾಸೆಂಜರ್
ಅಣ್ಣ, ವಿಷಯ ಬಿಟ್ಟು ಹೋಗುತ್ತಿದ್ದೇನೆ ಎಂದು ಬೈಯಬೇಡಿ. ಮಗಳಿಗೆ ರೈಲಿನ ಪಾಸ್‌ಗೆ ದುಡ್ಡು ಕೊಡುತ್ತಿದ್ದೀರಾ? ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೂ ಮನೆಯಿಂದ ಕಾಲೇಜಿಗೆ ಎರಡನೇ ದರ್ಜೆಯ ಮಾಸಿಕ ಪಾಸ್ ಉಚಿತ. ಕಾಲೇಜಿನಿಂದ ದೃಢೀಕರಣ ಪತ್ರ ಬೇಕು. ಬಸ್ಸಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದ್ದೇ ಇದೆ. ದುಡ್ಡು ತೆರಬೇಕಾದವರು ನಮ್ಮಂಥ ಗಂಡುಮಕ್ಕಳು.

ಗುತ್ತಲು ರಸ್ತೆ
ಉಚಿತ ಪಾಸ್ ಇದೆ ಅಣ್ಣ, ಮೊದಲ ವರ್ಷವೇ ಮಾಡಿಸಿದೆವು. ಆದರೂ ಹೇಳಿದ್ದಕ್ಕೆ ಧನ್ಯವಾದ, ಗೊತ್ತಿಲ್ಲದವರು ಬಹಳ ಜನ ಇದ್ದಾರೆ.

ಮದ್ದೂರು ವಡೆ
ಗಂಡುಮಕ್ಕಳಿಗೂ ದಾರಿ ಇದೆ. ಮೂರು ತಿಂಗಳ ಸೀಸನ್ ಟಿಕೆಟ್‌ಗೆ ರೈಲ್ವೆಯವರು 2.7 ತಿಂಗಳ ದರ ಹಾಕುತ್ತಾರೆ. 12 ವಾರದ ಟ್ರೈಮೆಸ್ಟರ್‌ಗೆ ಅಳತೆ ತೆಗೆದು ಹೊಲಿಸಿದಂತಿದೆ. ಈ ಪದ್ಧತಿಯಿಂದ ಆದ ಏಕೈಕ ಲಾಭ ಇದೇ ಇರಬಹುದು.

ಯಲಿಯೂರು ಪ್ಯಾಸೆಂಜರ್
ಪರೀಕ್ಷೆ ವಾರ ಸೇರಿದರೆ ಮೂರು ತಿಂಗಳು ದಾಟುತ್ತದೆ. ನಾಲ್ಕನೇ ತಿಂಗಳ ಪಾಸ್ ಬೇರೆ. ಹೊಲಿಗೆ ಬಿಚ್ಚಿತು.

ಸಿಡ್ನಿ ಕನ್ನಡತಿ
ಹುಟ್ಟಿ ಬೆಳೆದದ್ದು ಕುವೆಂಪುನಗರ, ಈಗ ಇರುವುದು ಸಿಡ್ನಿ. ಸುತ್ತೋಲೆಯಲ್ಲಿ ‘ಜಾಗತಿಕ’ ಎಂಬ ಪದ ನೋಡಿ ಬರೆಯುತ್ತಿದ್ದೇನೆ. ಇಲ್ಲಿನ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ 2019ರಲ್ಲಿ ಎರಡು ಸೆಮಿಸ್ಟರ್ ಬಿಟ್ಟು ವರ್ಷಕ್ಕೆ ಮೂರು ಟರ್ಮ್‌ಗಳಿಗೆ ಹೋಯಿತು, ಟರ್ಮ್‌ಗೆ ಹತ್ತು ವಾರ ಪಾಠ. ಈಗ 2028ರಿಂದ ಮತ್ತೆ ಸೆಮಿಸ್ಟರ್ ಮಾದರಿಗೆ ಮರಳುವುದಾಗಿ ತಾನೇ ಪ್ರಕಟಿಸಿದೆ. ಇನ್ನೊಂದು ಕಡೆ, ಮೆಲ್ಬರ್ನ್ ಕಡೆಯ ಡೀಕಿನ್ ವಿಶ್ವವಿದ್ಯಾಲಯ ವರ್ಷಗಳಿಂದ ಟ್ರೈಮೆಸ್ಟರ್‌ನಲ್ಲೇ ನಡೆಯುತ್ತಿದೆ, ಅಲ್ಲಿ ಯಾರೂ ಗೋಳಾಡುತ್ತಿಲ್ಲ.

ಗಮನಿಸಬೇಕಾದ್ದು ಒಂದು. ಡೀಕಿನ್‌ನಲ್ಲಿ ಪೂರ್ಣಾವಧಿ ವಿದ್ಯಾರ್ಥಿ ಎರಡು ಟ್ರೈಮೆಸ್ಟರ್ ಓದಿದರೆ ಆ ವರ್ಷದ ಲೆಕ್ಕ ಮುಗಿಯುತ್ತದೆ. ಮೂರನೆಯದು ಬೇಕಾದವರಿಗೆ. ಬೇಗ ಮುಗಿಸಬೇಕೆನ್ನುವವರು, ಒಂದು ವಿಷಯ ಹೋದವರು, ಆಗ ಓದುತ್ತಾರೆ. ನಿಮ್ಮ ಮಗಳ ಕಾಲೇಜಿನಲ್ಲಿ ಮೂರೂ ಕಡ್ಡಾಯವೇ? ಹಾಗಿದ್ದರೆ ವಿದೇಶದ ಹೆಸರು ಮಾತ್ರ ತಂದಿದ್ದಾರೆ, ಸೌಲಭ್ಯವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಮೂರನೇ ಬೆಂಚು
ಇಲ್ಲಿ ಯಾರಿಗೂ ಬೇಗ ಮುಗಿಸುವ ಅವಕಾಶವೇ ಇಲ್ಲ ಅಕ್ಕ, ಪದವಿ ಎಂದರೆ ಮೂರು ವರ್ಷ. ಅದೂ ನಡುವೆ ನಾಲ್ಕು ವರ್ಷ ಆಗಿ ಮತ್ತೆ ಮೂರಾದದ್ದು.

ಕೆರೆ ದಂಡೆ
ನಿಜ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಆನರ್ಸ್ ತಂದರು, 2024ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ನೋಡಿ ಮೂರು ವರ್ಷಕ್ಕೆ ಹಿಂತಿರುಗಿದರು. ಅದೇ ವರ್ಷ ಬಿಬಿಎ, ಬಿಸಿಎಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಅಡಿಗೂ ಬಂದವು. ನಿವೃತ್ತನಾಗಿ ಕುಕ್ಕರಹಳ್ಳಿ ಕೆರೆ ಸುತ್ತುತ್ತಿರುವ ನನಗೇ ತಲೆ ತಿರುಗುತ್ತದೆ, ಇನ್ನು ಮಕ್ಕಳ ಪಾಡೇನು?

ನಾನು ಮಹಾರಾಜ ಕಾಲೇಜಿನಲ್ಲಿ ಓದುವಾಗ ವರ್ಷಕ್ಕೆ ಒಂದೇ ಪರೀಕ್ಷೆ. ಜೂನ್, ಜುಲೈ, ಆಗಸ್ಟ್ ನಾಟಕ, ಕ್ರಿಕೆಟ್, ಗ್ರಂಥಾಲಯ. ದಸರಾ ಕಳೆದ ಮೇಲೆ ಓದು ಶುರು. ಒಂದು ಪದ್ಯ ಅರ್ಥವಾಗಲು ಮೂರು ತಿಂಗಳು ಹಿಡಿದರೂ ಕೇಳುವವರಿರಲಿಲ್ಲ.

ಮೂರನೇ ಬೆಂಚು
ಒಂದೇ ಪರೀಕ್ಷೆಯ ದಿನ ಜ್ವರ ಬಂದರೆ ಒಂದು ವರ್ಷವೇ ಹೋಗುತ್ತಿತ್ತಲ್ಲ ಸರ್? ಅದನ್ನೂ ನೆನಪಿಸಿಕೊಳ್ಳಿ.

ಕೆರೆ ದಂಡೆ
ಹೋಗುತ್ತಿತ್ತು. ಸೆಪ್ಟೆಂಬರ್ ಪರೀಕ್ಷೆ ಇತ್ತು, ಆದರೂ ಹೋದವರು ಹೋದರು. ಅದಕ್ಕೇ ನಾನು ಹಳೆಯದೇ ಒಳ್ಳೆಯದು ಎನ್ನುತ್ತಿಲ್ಲ. ಆಕ್ಸ್‌ಫರ್ಡ್‌ನಲ್ಲಿ ವರ್ಷಕ್ಕೆ ಎಂಟೆಂಟು ವಾರದ ಮೂರು ಟರ್ಮ್ ಶತಮಾನಗಳಿಂದ ಇದೆ. ಆದರೆ ಅಲ್ಲಿ ಟರ್ಮ್‌ಗೊಂದು ದೊಡ್ಡ ಪರೀಕ್ಷೆ ಇಟ್ಟು ಅಂಕಪಟ್ಟಿ ಕೊಡುವುದಿಲ್ಲ. ಪಾಠವನ್ನು ಮೂರು ಭಾಗ ಮಾಡುವುದೇ ಬೇರೆ, ಪರೀಕ್ಷೆಯನ್ನು ಮೂರು ಭಾಗ ಮಾಡುವುದೇ ಬೇರೆ. ನಮ್ಮವರಿಗೆ ಎರಡನೆಯದು ಮಾತ್ರ ಬರುತ್ತದೆ.

ಲಾ ಓದಿದವಳು
ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಐದು ವರ್ಷಕ್ಕೆ 15 ಟ್ರೈಮೆಸ್ಟರ್ ಓದಿದವಳು ನಾನು, ಊರು ಶ್ರೀರಂಗಪಟ್ಟಣ. ಪದವಿ ಹಂತದಲ್ಲಿ ಟ್ರೈಮೆಸ್ಟರ್ ನಡೆಯುವುದೇ ಇಲ್ಲ ಎನ್ನುವವರು ಇದನ್ನು ನೋಡಬೇಕು. ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಅಲ್ಲಿ ಎಲ್ಲರೂ ಹಾಸ್ಟೆಲ್‌ನಲ್ಲಿ, ಗ್ರಂಥಾಲಯ ನಾಲ್ಕು ಹೆಜ್ಜೆ ದೂರದಲ್ಲಿ. ದಿನವೂ ಶ್ರೀರಂಗಪಟ್ಟಣದಿಂದ ಹೋಗಿ ಬರುವುದಾಗಿದ್ದರೆ ನಾನು ಎರಡನೆಯದರಲ್ಲೇ ಬಿಟ್ಟು ಬರುತ್ತಿದ್ದೆ. ಕೇಳಬೇಕಾದ ಪ್ರಶ್ನೆ ‘ಫಲಿತಾಂಶ ಯಾವಾಗ?’ ಎಂಬುದು. ಉಳಿದದ್ದೆಲ್ಲ ಆಮೇಲೆ.

ಸರಸ್ವತಿಪುರಂ ಪಿಜಿ
ಹೌದು, ಫಲಿತಾಂಶ! ನಮ್ಮಲ್ಲಿ, ಸೆಮಿಸ್ಟರ್ ಇರುವ ಕಾಲೇಜಿನಲ್ಲೇ, ಮೂರನೇ ಸೆಮಿಸ್ಟರ್ ಫಲಿತಾಂಶ ಬರುವ ಹೊತ್ತಿಗೆ ನಾಲ್ಕನೆಯದರ ಮೊದಲ ಆಂತರಿಕ ಪರೀಕ್ಷೆ ಮುಗಿದಿತ್ತು. ಅವಧಿ ಇನ್ನೂ ಚಿಕ್ಕದಾದರೆ ಒಂದನೆಯದರಲ್ಲಿ ಬ್ಯಾಕ್‌ಲಾಗ್ (ಫೇಲಾದ ವಿಷಯ) ಉಳಿದಿದೆಯೆಂದು ಗೊತ್ತಾಗುವಾಗ ಎರಡನೆಯದು ಮುಗಿಯುತ್ತಾ ಬಂದಿರುತ್ತದೆ.

ಕಾಸ್ಟಿಂಗ್ ಮೇಡಂ
ಅದು ಏಕೆ ತಡವಾಗುತ್ತದೆ ಎಂದು ಒಳಗಿನವಳಾಗಿ ಹೇಳುತ್ತೇನೆ. ಪರೀಕ್ಷೆ ಮುಗಿದ ದಿನವೇ ಉತ್ತರ ಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ. ಮೇಲಿನ ಚೀಟಿ ಹರಿದು, ನೋಂದಣಿ ಸಂಖ್ಯೆ ಮರೆಮಾಡಿ, ಗುಪ್ತ ಸಂಖ್ಯೆ ಹಾಕಿ, ಕಟ್ಟು ಕಟ್ಟಿ ಬರುತ್ತದೆ. ತಿದ್ದಿದ ಮೇಲೆ ಇನ್ನೊಬ್ಬರು ಕೂಡಿದ್ದನ್ನು ಪರಿಶೀಲಿಸಬೇಕು, ಆಮೇಲೆ ಪೋರ್ಟಲ್‌ಗೆ ಅಂಕ ತುಂಬಬೇಕು. ಒಂದು ಕಟ್ಟಿನಲ್ಲಿ ಒಂದು ಪತ್ರಿಕೆಯ ಅಂಕ ತಾಳೆಯಾಗದಿದ್ದರೂ ಇಡೀ ಕಟ್ಟು ನಿಲ್ಲುತ್ತದೆ. ಇದೇ ಮೆರವಣಿಗೆ ವರ್ಷಕ್ಕೆ ಮೂರು ಸಲ. ಮೇಷ್ಟ್ರು ಹೇಳಿದಂತೆ ಪತ್ರಿಕೆಗಳ ಒಟ್ಟು ಸಂಖ್ಯೆ ಅಷ್ಟೇ, ಒಪ್ಪಿದೆ. ಆದರೆ ಪ್ರತಿ ಸುತ್ತಿಗೂ ಸಿದ್ಧತೆಯ ಕೆಲಸ ಹೊಸದಾಗಿಯೇ ಆಗಬೇಕು. ಮಾಡುವ ಜನ ಹೆಚ್ಚಾಗಿಲ್ಲ. ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುವ ವಿಭಾಗವಾದರೆ, ಅವರ ನೇಮಕವೇ ಟ್ರೈಮೆಸ್ಟರ್ ಶುರುವಾಗಿ ಮೂರು ವಾರಕ್ಕೆ ಆಗುವುದೂ ಉಂಟು. 15 ವಾರದಲ್ಲಿ ಮೂರು ಹೋದರೆ ತೇಪೆ ಹಾಕಬಹುದು, 12ರಲ್ಲಿ ಮೂರು ಹೋದರೆ ಕಾಲು ಭಾಗ ಹೋಯಿತು.

ಲೆಕ್ಕದ ಮೇಷ್ಟ್ರು
ಇದು ಆಡಳಿತದ ದೋಷ, ಟ್ರೈಮೆಸ್ಟರ್‌ನದ್ದಲ್ಲ.

ಮದ್ದೂರು ವಡೆ
ಆಡಳಿತವಿಲ್ಲದ ಟ್ರೈಮೆಸ್ಟರ್ ಎಲ್ಲಿ ಸಿಗುತ್ತದೆ ಮೇಷ್ಟ್ರೇ, ವಿಳಾಸ ಕೊಡಿ, ಮಗನನ್ನು ಅಲ್ಲೇ ಸೇರಿಸುತ್ತೇನೆ.

ಪಾಂಡವಪುರದ ಕಬ್ಬು
ಮೂರು ಕಂತಿನ ಬಗ್ಗೆ ಯಾರೂ ಹೇಳಲಿಲ್ಲ. ಸಂಬಳದವರಿಗೆ ಅದು ಅನುಕೂಲ. ನಮ್ಮಂಥವರಿಗೆ ಕಬ್ಬಿನ ಹಣ ಕಾರ್ಖಾನೆ ಕೊಟ್ಟಾಗ, ಭತ್ತದ್ದು ಕೊಯ್ಲು ಮುಗಿದ ಮೇಲೆ. ನಾಲೆಗೆ ನೀರು ಬಿಟ್ಟು ನಾಟಿ ನಡೆಯುವ ದಿನಗಳಲ್ಲಿ ಕೈಯಲ್ಲಿ ಬಿಡಿಗಾಸು ಇರುವುದಿಲ್ಲ, ಗೊಬ್ಬರಕ್ಕೇ ಸಾಲ. ಮೊದಲ ಕಂತು ಸರಿಯಾಗಿ ಆಗಲೇ ಬೀಳುತ್ತದೆ. ಎರಡನೆಯದು ಭತ್ತ ಬರುವ ಮುಂಚೆ. ಕಂತು ತಪ್ಪಿದರೆ ಹಾಲ್ ಟಿಕೆಟ್ ತಡೆಯುತ್ತಾರೆಯೇ ಎಂದು ಖಂಡಿತ ಕೇಳಿ. ಮೊದಲು ತಡೆಯುವ ಅವಕಾಶ ವರ್ಷಕ್ಕೆ ಎರಡು ಇತ್ತು, ಈಗ ಮೂರು.

ಮೂರನೇ ಬೆಂಚು
ಒಂದೇ ಸಲ ದೊಡ್ಡ ಮೊತ್ತ ಕಟ್ಟುವುದಕ್ಕಿಂತ ಸಣ್ಣ ಕಂತು ಮೇಲಲ್ಲವೇ ಅಣ್ಣ?

ಪಾಂಡವಪುರದ ಕಬ್ಬು
ದುಡ್ಡು ಬರುವ ತಿಂಗಳಲ್ಲಿ ಕೇಳಿದರೆ ದೊಡ್ಡ ಮೊತ್ತವೂ ಕಟ್ಟಬಹುದು ತಮ್ಮ. ಇಲ್ಲದ ತಿಂಗಳಲ್ಲಿ ಕೇಳಿದರೆ ಸಣ್ಣದೂ ಕಷ್ಟ.

ಸಿಎ ಇಂಟರ್
ಬಿಕಾಂ, ಬಿಬಿಎ ಜೊತೆ ಸಿಎ ಮಾಡುವವರಿಗೆ ಇದು ಮುಖ್ಯ. ಸಿಎ ಸಂಸ್ಥೆಯೇ 2024ರಿಂದ ಫೌಂಡೇಶನ್ ಮತ್ತು ಇಂಟರ್ (ಮೊದಲ ಎರಡು ಹಂತ) ಪರೀಕ್ಷೆಯನ್ನು ವರ್ಷಕ್ಕೆ ಮೂರು ಸಲ ಮಾಡುತ್ತಿದೆ: ಜನವರಿ, ಮೇ ಆಸುಪಾಸು, ಸೆಪ್ಟೆಂಬರ್. ಅದು ನಮಗೆ ವರವಾಯಿತು, ಏಕೆಂದರೆ ಒಂದು ಸಲ ತಪ್ಪಿದರೆ ಆರು ತಿಂಗಳು ಕಾಯಬೇಕಿಲ್ಲ. ಕಾಲೇಜಿನವರ ಮೂರು ಪರೀಕ್ಷೆಗಳು ಇದೇ ತಿಂಗಳುಗಳಲ್ಲಿ ಬಿದ್ದರೆ ಮಾತ್ರ ಎರಡೂ ಕೆಡುತ್ತದೆ. ಸುತ್ತೋಲೆ ಜೊತೆ ವೇಳಾಪಟ್ಟಿ ಕೊಟ್ಟಿದ್ದರೆ ತಿಂಗಳು ಹಾಕಿ ಸರ್.

ಲೆಕ್ಕದ ಮೇಷ್ಟ್ರು
ನೋಡಿ, ಅಲ್ಲಿ ಮೂರು ಸಲ ಮಾಡಿದ್ದು ವರ ಎನ್ನುತ್ತೀರಿ. ಪಿಯುಸಿ, ಎಸ್‌ಎಸ್‌ಎಲ್‌ಸಿಗೆ 2024ರಲ್ಲಿ ಪರೀಕ್ಷೆ-1, 2, 3 ಬಂದಾಗಲೂ ಪಾಸಾದವರು ಖುಷಿಪಟ್ಟರು.

ಸಿಎ ಇಂಟರ್
ಅಲ್ಲಿ ಅದೇ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಅವಕಾಶ ಮೇಷ್ಟ್ರೇ. ಇಲ್ಲಿ ಮೂರು ಬೇರೆ ಬೇರೆ ಪರೀಕ್ಷೆ, ಪ್ರತಿಯೊಂದಕ್ಕೂ ಅವಕಾಶ ಒಂದೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸರಸ್ವತಿಪುರಂ ಪಿಜಿ
ಹಾಜರಾತಿ ಲೆಕ್ಕವನ್ನೂ ನೋಡಿ. ಶೇ 75 ಕಡ್ಡಾಯ. ಒಂದು ವಿಷಯದ 60 ತರಗತಿಯಲ್ಲಿ 15 ತಪ್ಪಬಹುದು. ಎರಡು ವಾರ ಡೆಂಗಿ ಎಂದು ಮಲಗಿದರೆ ಮೊದಲು ಎಂಟು ಹೋಗುತ್ತಿತ್ತು, ಈಗ ಹತ್ತು. ಜೊತೆಗೆ ರೈಲು ನಾಗನಹಳ್ಳಿಯಲ್ಲಿ ಸಿಗ್ನಲ್‌ಗೆ ನಿಂತ ಬೆಳಗುಗಳು. ಮೊದಲ ಗಂಟೆಯೇ ಒಂದು ವಿಷಯಕ್ಕೆ ಮೀಸಲಾಗಿದ್ದರೆ ಆ ವಿಷಯದ ಹಾಜರಾತಿ ಮಂಡ್ಯದವರಿಗೆ ಮುಗಿಯಿತು.

ಯಲಿಯೂರು ಪ್ಯಾಸೆಂಜರ್
ನಾಗನಹಳ್ಳಿ ಸಿಗ್ನಲ್‌ನಲ್ಲಿ ನಿಂತಾಗಲೇ ನಾನು ಅರ್ಧ ಡಿಗ್ರಿ ಓದಿ ಮುಗಿಸಿದ್ದು. ಅದನ್ನು ಬೈಯಬೇಡಿ.

ಕೆರೆ ದಂಡೆ
ಒಂದು ಸಣ್ಣ ಆತಂಕ. ಪದವಿಯಲ್ಲಿ ಕನ್ನಡ ಭಾಷಾ ಪತ್ರಿಕೆ ಮೊದಲ ನಾಲ್ಕು ಸೆಮಿಸ್ಟರ್ ಇರುತ್ತದೆ. ಟ್ರೈಮೆಸ್ಟರ್ ಆದಾಗ ಎರಡನೇ ವರ್ಷದ ಎರಡು ಕನ್ನಡ ಪತ್ರಿಕೆ ಮೂರರಲ್ಲಿ ಎಲ್ಲಿ ಕೂರುತ್ತದೆ? ಒಂದು ಟ್ರೈಮೆಸ್ಟರ್ ಕನ್ನಡವೇ ಇಲ್ಲದೆ ಹೋಗುತ್ತದೆಯೋ, ಅಥವಾ ಎರಡನ್ನೂ ಒಂದಕ್ಕೆ ತುರುಕುತ್ತಾರೋ? ಕೇಳುವವರು ಯಾರೂ ಇರುವುದಿಲ್ಲ, ಆದ್ದರಿಂದ ನೀವೇ ಕೇಳಿ.

ಲಾ ಓದಿದವಳು
ಕ್ರೆಡಿಟ್‌ಗಳದ್ದೂ ಕೇಳಿ. ವರ್ಷಕ್ಕೆ 40 ಎಂದರೆ ಸೆಮಿಸ್ಟರ್‌ಗೆ ಇಪ್ಪತ್ತಿಪ್ಪತ್ತು. ಮೂರರಿಂದ 40 ಭಾಗವಾಗುವುದಿಲ್ಲ, 14, 13, 13 ಎಂದು ಏನೋ ಮಾಡುತ್ತಾರೆ. ಅದೇ ಕಾಲೇಜಿನಲ್ಲಿ ಮುಗಿಸಿದರೆ ತೊಂದರೆ ಇಲ್ಲ. ನಡುವೆ ಬೇರೆ ಕಡೆ ಹೋಗಬೇಕಾದರೆ, ಸೆಮಿಸ್ಟರ್ ಇರುವ ವಿಶ್ವವಿದ್ಯಾಲಯದವರು ಆರನೇ ಟ್ರೈಮೆಸ್ಟರ್ ಎಂದರೆ ಎಷ್ಟನೇ ಸೆಮಿಸ್ಟರ್‌ಗೆ ಸಮ ಎಂದು ಪತ್ರ ಕೇಳುತ್ತಾರೆ. ಕ್ರೆಡಿಟ್‌ಗಳನ್ನು ಜಮಾ ಮಾಡುವ ರಾಷ್ಟ್ರೀಯ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಪ್ರತಿ ಟ್ರೈಮೆಸ್ಟರ್‌ನ ಕ್ರೆಡಿಟ್ ಬೀಳುತ್ತದೆಯೇ ಎಂದು ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ಮಾರ್ಗಸೂಚಿಯಲ್ಲಿ ಸೆಮಿಸ್ಟರ್ ಎಂದರೆ 15ರಿಂದ 18 ವಾರ, 90 ಬೋಧನಾ ದಿನ ಎಂದಿದೆ. ಅದಕ್ಕೆ ಇವರ ವೇಳಾಪಟ್ಟಿ ಹೇಗೆ ಹೊಂದುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಬೇಡ.

ಗುತ್ತಲು ರಸ್ತೆ
ಸಭೆ ಮುಗಿಸಿ ಬಂದೆ. ನಿಮ್ಮ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಹೋಗಿದ್ದೆ, ಅರ್ಧಕ್ಕೆ ಮೈಕ್ ಬೇರೆಯವರ ಕೈಗೆ ಹೋಯಿತು. ಸಿಕ್ಕ ಉತ್ತರ ಇಷ್ಟು:

ಮೂರೂ ಕಡ್ಡಾಯ. ಪರೀಕ್ಷೆ ಅಕ್ಟೋಬರ್, ಫೆಬ್ರುವರಿ, ಜೂನ್‌ನಲ್ಲಿ. ಬೋಧನಾ ಶುಲ್ಕ ಅಷ್ಟೇ, ಪರೀಕ್ಷಾ ಶುಲ್ಕ ಮಾತ್ರ ಪ್ರತಿ ಟ್ರೈಮೆಸ್ಟರ್‌ಗೂ ಬೇರೆ, ಮೊತ್ತ ಇನ್ನೂ ನಿಗದಿಯಾಗಿಲ್ಲ. ಎರಡು ಕನ್ನಡ ಪತ್ರಿಕೆಯನ್ನು ಮೊದಲ ಎರಡು ಟ್ರೈಮೆಸ್ಟರ್‌ಗೆ ಹಾಕಿದ್ದಾರೆ. ಕ್ರೆಡಿಟ್ ವಿಚಾರಕ್ಕೆ ಪತ್ರ ಕೊಡುತ್ತೇವೆ ಎಂದರು. ಫಲಿತಾಂಶ ಮೂರು ವಾರದಲ್ಲಿ ಎಂದರು, ಹಿಂದಿನ ಸಾಲಿನಲ್ಲಿದ್ದ ಉಪನ್ಯಾಸಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೇಲಾದ ವಿಷಯವನ್ನು ಮತ್ತೆ ಯಾವಾಗ ಬರೆಯಬೇಕು ಎಂಬುದಕ್ಕೆ ಸ್ಪಷ್ಟ ಉತ್ತರ ಬರಲಿಲ್ಲ.

ಸಿಎ ಇಂಟರ್
ಅಕ್ಟೋಬರ್, ಫೆಬ್ರುವರಿ, ಜೂನ್! ನಮ್ಮ ಪ್ರತಿ ಪರೀಕ್ಷೆ ಮುಗಿದ ಮರುತಿಂಗಳೇ. ಬೇಕೆಂದೇ ಮಾಡಿದ್ದಾರೋ ಏನೋ, ಡಿಕ್ಕಿಯಂತೂ ಆಗುವುದಿಲ್ಲ. ಸಿಎ ಮಾಡುವವರು ವರ್ಷವಿಡೀ ಪರೀಕ್ಷೆಯಲ್ಲೇ ಇರುತ್ತಾರೆ ಅಷ್ಟೇ.

ಮದ್ದೂರು ವಡೆ
ಅಕ್ಟೋಬರ್ ಪರೀಕ್ಷೆ ಎಂದರೆ ದಸರಾ ಸಮಯಕ್ಕೇ. ವಸ್ತುಪ್ರದರ್ಶನಕ್ಕೆ ಹಾಲ್ ಟಿಕೆಟ್ ಹಿಡಿದು ಹೋಗಬೇಕು.

ಸರಸ್ವತಿಪುರಂ ಪಿಜಿ
ದಸರಾ ಹೊತ್ತಿಗೆ ಪಿಜಿಯ ಅಡುಗೆಯವರು ಊರಿಗೆ ಹೋಗುತ್ತಾರೆ. ಪರೀಕ್ಷೆಯೂ ಆಗಲೇ ಇದ್ದರೆ ಬ್ರೆಡ್ಡೇ ಗತಿ.

ಕಾಸ್ಟಿಂಗ್ ಮೇಡಂ
ಸರ್, ಸ್ಪಷ್ಟ ಉತ್ತರ ಸಿಗದ ಆ ಒಂದು ಪ್ರಶ್ನೆಯನ್ನು ಬಿಡಬೇಡಿ. ಎರಡು ರೀತಿ ಮಾಡಬಹುದು. ಪ್ರತಿ ಟ್ರೈಮೆಸ್ಟರ್‌ನ ಕೊನೆಯಲ್ಲಿ ಹಿಂದಿನ ಎಲ್ಲ ವಿಷಯಕ್ಕೂ ಮರುಪರೀಕ್ಷೆ ಇಟ್ಟರೆ ಮಕ್ಕಳಿಗೆ ಲಾಭ, ನಾಲ್ಕು ತಿಂಗಳಲ್ಲಿ ಇನ್ನೊಂದು ಅವಕಾಶ. ಆ ವಿಷಯದ ಪಾಠ ಮತ್ತೆ ನಡೆಯುವಾಗ ಮಾತ್ರ ಎಂದರೆ ಒಂದು ವರ್ಷ ಕಾಯಬೇಕು. ಕೊನೆಯ ವರ್ಷದಲ್ಲಿ ಹೀಗಾದರೆ ಸ್ನಾತಕೋತ್ತರ ಪ್ರವೇಶವೇ ಕೈತಪ್ಪುತ್ತದೆ. ಟ್ರೈಮೆಸ್ಟರ್ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳವೆಲ್ಲ ಇಲ್ಲಿ ತೀರ್ಮಾನವಾಗುತ್ತದೆ ಎಂದು ನನ್ನ ಅಭಿಪ್ರಾಯ.

ಲೆಕ್ಕದ ಮೇಷ್ಟ್ರು
ಇದರಲ್ಲಿ ಮೇಡಂ ಪರ ನನ್ನ ಮತ. ಮೊದಲನೆಯ ರೀತಿ ಮಾಡಿದರೆ ಸೆಮಿಸ್ಟರ್‌ಗಿಂತ ಟ್ರೈಮೆಸ್ಟರ್ ಮೇಲು.

ಕಾಸ್ಟಿಂಗ್ ಮೇಡಂ
ಮಾಡಿದರೆ.

ಪಾಂಡವಪುರದ ಕಬ್ಬು
ಹಾಲ್ ಟಿಕೆಟ್ ವಿಷಯ ಕೇಳಿದಿರಾ?

ಗುತ್ತಲು ರಸ್ತೆ
ಕೇಳಿದೆ ಅಣ್ಣ. ಕಂತು ಬಾಕಿ ಇದ್ದವರು ಅರ್ಜಿ ಕೊಟ್ಟರೆ ‘ಪರಿಶೀಲಿಸುತ್ತೇವೆ’ ಎಂದರು. ಮರುಪರೀಕ್ಷೆ ಮತ್ತು ಬಾಕಿ ಶುಲ್ಕ, ಈ ಎರಡಕ್ಕೂ ಲಿಖಿತ ಉತ್ತರ ಬೇಕೆಂದು ಇನ್ನೂ ಕೆಲವು ಪೋಷಕರ ಜೊತೆ ಸೇರಿ ಅರ್ಜಿ ಬರೆಯುತ್ತಿದ್ದೇವೆ. ಸೋಮವಾರ ಕೊಡುತ್ತೇವೆ. ಅದೇ ಕಾಲೇಜಿನ ಪೋಷಕರು ಇಲ್ಲಿದ್ದರೆ ನನಗೆ ಖಾಸಗಿ ಸಂದೇಶ ಹಾಕಿ, ಸಹಿ ಹೆಚ್ಚಿದಷ್ಟೂ ಒಳ್ಳೆಯದು.

ಕೆರೆ ದಂಡೆ
ಕೊಟ್ಟ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಹಾಕುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್.